ಗಿಗಾಹರ್ಟ್ಸ್ ನಂಬಿ ಹೋದ ಕಾಯಿ ದುಡ್ಡು: ಪೆಂಟಿಯಂ 4 ಮತ್ತು ಕೋರ್ 2 ಡುಯೋ ಕಥೆ

2011ರ ಬೇಸಿಗೆ. ಗುಬ್ಬಿ ತಾಲ್ಲೂಕಿನ ನಮ್ಮ ಗೆಳತಿಯೊಬ್ಬಳ ಅಪ್ಪ ಒಂದು ಕೊಯ್ಲಿನ ತೆಂಗಿನಕಾಯಿ ಮಾರಿದ ದುಡ್ಡನ್ನು ಒಳಜೇಬಿನಲ್ಲಿಟ್ಟುಕೊಂಡು, ಮಗಳನ್ನೂ ಕರೆದುಕೊಂಡು ತುಮಕೂರಿನ ಬಸ್ಸು ಹತ್ತಿದರು. ಅವಳು ಆಗಷ್ಟೇ ಪತ್ರಿಕೋದ್ಯಮ ಓದಲು ಸೇರಿದ್ದಳು. ಕನ್ನಡ ಟೈಪಿಂಗ್ ಕಲಿಯಲು, ಪುಟ ಕಟ್ಟಲು ಮನೆಯಲ್ಲೊಂದು ಕಂಪ್ಯೂಟರ್ ಬೇಕಿತ್ತು. ಹೊಸದಕ್ಕೆ ದುಡ್ಡು ಸಾಲದು, ಹಾಗಾಗಿ ಹಳೆ ಕಂಪ್ಯೂಟರ್ ಮಾರುವ ಅಂಗಡಿಗೆ ಹೋದರು.

ಅಂಗಡಿಯಲ್ಲಿ ಎರಡು ಡಬ್ಬಗಳಿದ್ದವು. ಒಂದರಲ್ಲಿ ಪೆಂಟಿಯಂ 4 ಪ್ರೊಸೆಸರ್, 3 ಗಿಗಾಹರ್ಟ್ಸ್. ಇನ್ನೊಂದರಲ್ಲಿ ಕೋರ್ 2 ಡುಯೋ, 1.8 ಗಿಗಾಹರ್ಟ್ಸ್. ಎರಡನೆಯದಕ್ಕೆ ಸಾವಿರ ರೂಪಾಯಿ ಹೆಚ್ಚು.

"ಯಜಮಾನ್ರೇ, ಇದು ಮೂರು. ಅದು ಎರಡೂ ಇಲ್ಲ. ಸಾವಿರ ಜಾಸ್ತಿ ಕೊಟ್ಟು ಕಮ್ಮಿದು ಯಾಕೆ ತಗೋತೀರಾ?" ಎಂದ ಅಂಗಡಿಯ ಹುಡುಗ.

ಲೆಕ್ಕ ಸರಿಯಾಗಿಯೇ ಕಂಡಿತು. ಅಪ್ಪ ಮೂರನ್ನೇ ತಂದರು.

ಆ ಡಬ್ಬ ಮನೆಗೆ ಬಂದ ಮೇಲೆ ಆದದ್ದನ್ನು ಅವಳು ಇವತ್ತಿಗೂ ನಗುತ್ತಲೇ ಹೇಳುತ್ತಾಳೆ, ಆದರೆ ಆಗ ಯಾರೂ ನಗಲಿಲ್ಲ. ಫ್ಯಾನಿನ ಸದ್ದಿಗೆ ಪಕ್ಕದ ಕೋಣೆಯಲ್ಲಿ ಅಜ್ಜಿಗೆ ನಿದ್ದೆ ಬರುತ್ತಿರಲಿಲ್ಲ. ಮಧ್ಯಾಹ್ನ ಎರಡು ಗಂಟೆ ಓಡಿಸಿದರೆ ತಾನಾಗಿಯೇ ಆರಿಹೋಗುತ್ತಿತ್ತು. ಕರೆಂಟ್ ಹೋದರೆ ಯುಪಿಎಸ್ ಕೂಗಿಕೊಂಡು, ಅವಳು ಫೈಲ್ ಉಳಿಸುವ ಮೊದಲೇ ಕೈಕೊಡುತ್ತಿತ್ತು. ಅದೇ ಊರಿನ ಇನ್ನೊಬ್ಬರ ಮನೆಯಲ್ಲಿದ್ದ 1.8ರ ಕಂಪ್ಯೂಟರ್ ಮಾತ್ರ ತಣ್ಣಗೆ, ಸದ್ದಿಲ್ಲದೆ, ಇವಳದಕ್ಕಿಂತ ಚುರುಕಾಗಿ ಕೆಲಸ ಮಾಡುತ್ತಿತ್ತು.

ಮೂರು 1.8ಕ್ಕಿಂತ ದೊಡ್ಡದಲ್ಲವೇ? ಹಾಗಿದ್ದರೆ ಸೋತದ್ದು ಹೇಗೆ? ಹಳೆ ಕಂಪ್ಯೂಟರ್ ಕೊಳ್ಳುವ ಮುನ್ನ ನಮ್ಮನ್ನು ಕೇಳುವ ಓದುಗರಿಗಾಗಿ ಆ ಪ್ರಶ್ನೆಯ ಇತಿಹಾಸವನ್ನು ಇಲ್ಲಿ ಬರೆದಿದ್ದೇವೆ. ಇದು ಎರಡು ಪ್ರೊಸೆಸರ್‌ಗಳ ಕಥೆ. ಜೊತೆಗೆ ನಮ್ಮ ಊರುಗಳಿಗೆ ಕಂಪ್ಯೂಟರ್ ಬಂದ ಕಾಲದ ಕಥೆಯೂ ಹೌದು.

ಪಹಣಿಯ ಜೊತೆ ಬಂದ ಕಂಪ್ಯೂಟರ್

ನಮ್ಮ ತಂದೆ ತಾಯಿಯರಲ್ಲಿ ಬಹಳ ಜನ ಕಂಪ್ಯೂಟರನ್ನು ಮೊದಲು ನೋಡಿದ್ದು ತಾಲ್ಲೂಕು ಕಚೇರಿಯಲ್ಲಿ. ಅಲ್ಲಿಯವರೆಗೆ ಪಹಣಿ ಬೇಕೆಂದರೆ ಗ್ರಾಮ ಲೆಕ್ಕಿಗರನ್ನು ಹುಡುಕಿಕೊಂಡು ಹೋಗಬೇಕಿತ್ತು. ಅವರು ಸಿಕ್ಕರೆ ಪುಸ್ತಕ ಇರುತ್ತಿರಲಿಲ್ಲ, ಪುಸ್ತಕ ಇದ್ದರೆ ಅವರಿಗೆ ಪುರುಸೊತ್ತು ಇರುತ್ತಿರಲಿಲ್ಲ. ರಾಜ್ಯದಲ್ಲಿ ಸುಮಾರು 9,000 ಗ್ರಾಮ ಲೆಕ್ಕಿಗರ ಕೈಯಲ್ಲಿದ್ದ ಈ ದಾಖಲೆಗಳನ್ನು 'ಭೂಮಿ' ಯೋಜನೆ ಕಂಪ್ಯೂಟರಿಗೆ ಏರಿಸಿತು. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ದಾಖಲೆ. 2002ರ ಹೊತ್ತಿಗೆ ಎಲ್ಲ ತಾಲ್ಲೂಕು ಕೇಂದ್ರಗಳಲ್ಲೂ ಕಿಟಕಿಯ ಮುಂದೆ ನಿಂತು, 15 ರೂಪಾಯಿ ಕೊಟ್ಟು, ಅಚ್ಚಾದ ಪಹಣಿ ಪಡೆಯುವ ವ್ಯವಸ್ಥೆ ಬಂತು. ರೈತನ ಕಡೆಗೂ ಒಂದು ಪರದೆ ತಿರುಗಿಸಿಟ್ಟಿದ್ದರು. ಒಳಗೆ ಕೂತವರು ಏನು ಮಾಡುತ್ತಿದ್ದಾರೆಂದು ಹೊರಗೆ ನಿಂತವನಿಗೂ ಕಾಣಬೇಕು ಎಂಬುದು ಉದ್ದೇಶ.

ಗುಬ್ಬಿಯಲ್ಲೂ ಕುಣಿಗಲ್‌ನಲ್ಲೂ ಆ ಸಾಲಿನಲ್ಲಿ ನಮ್ಮ ಮನೆಯವರು ನಿಂತಿದ್ದಾರೆ. ಅದೇ ವರ್ಷಗಳಲ್ಲಿ ಬಸ್ ನಿಲ್ದಾಣಗಳ ಸುತ್ತ ಡಿಟಿಪಿ ಅಂಗಡಿಗಳು ಹುಟ್ಟಿಕೊಂಡವು. ಬರಹ, ನುಡಿ ತಂತ್ರಾಂಶಗಳಿಂದ ಕನ್ನಡ ಅಕ್ಷರ ಕಂಪ್ಯೂಟರಿಗೆ ಸುಲಭವಾಗಿ ಇಳಿಯಿತು. ಮದುವೆ ಕರೆಯೋಲೆ, ಜಾತ್ರೆಯ ಕರಪತ್ರ, ಅರ್ಜಿ, ಕರಾರುಪತ್ರ ಎಲ್ಲವೂ ಅಲ್ಲಿಂದಲೇ.

ನೆನಪಿಡಬೇಕಾದ್ದೆಂದರೆ, ಊರಿಗೆ ಕಂಪ್ಯೂಟರ್ ಬಂದ ಈ ಕಾಲವೇ ಪೆಂಟಿಯಂ 4ರ ಕಾಲ. ಜಾಹೀರಾತಿನಲ್ಲಿ, ಡಬ್ಬದ ಮೇಲೆ, ಅಂಗಡಿಯ ಮಾತಿನಲ್ಲಿ ಇದ್ದ ಅಳತೆ ಒಂದೇ: ಗಿಗಾಹರ್ಟ್ಸ್. ಆ ಅಭ್ಯಾಸ ನಮ್ಮಲ್ಲಿ ಬೇರುಬಿಟ್ಟಿದ್ದು ಆಗಲೇ.

ಗಿಗಾಹರ್ಟ್ಸ್ ಅಂದರೆ ಏನು?

ತುಮಕೂರಿನವರಿಗೆ ಇದನ್ನು ವಿವರಿಸಲು ದೂರ ಹೋಗಬೇಕಿಲ್ಲ. ನಮ್ಮಲ್ಲೇ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆ ಇತ್ತು. ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚುವ ತೀರ್ಮಾನ 2016ರಲ್ಲಿ ಆಯಿತು, ಕಾರ್ಖಾನೆಯ ಜಾಗ ಆಮೇಲೆ ಇಸ್ರೋ ಪಾಲಾಯಿತು. ಕ್ವಾರ್ಟ್ಜ್ ಗಡಿಯಾರದೊಳಗೆ ಒಂದು ಸಣ್ಣ ಹರಳು ಇರುತ್ತದೆ. ಅದು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಆ ಕಂಪನವನ್ನು ಎಣಿಸಿಯೇ ಗಡಿಯಾರ ಒಂದು ಸೆಕೆಂಡ್ ಮುಂದೆ ಹೋಗುತ್ತದೆ.

ಪ್ರೊಸೆಸರ್‌ಗೂ ಇಂಥದೇ ಒಂದು ತಾಳ ಬೇಕು. ಪ್ರತಿ ಬಡಿತಕ್ಕೆ ಅದು ಒಂದು ಹೆಜ್ಜೆ ಇಡುತ್ತದೆ. 1 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 100 ಕೋಟಿ ಬಡಿತ. 3.8 ಗಿಗಾಹರ್ಟ್ಸ್ ಎಂದರೆ 380 ಕೋಟಿ, ಅಂದರೆ ಗಡಿಯಾರದ ಹರಳಿಗಿಂತ ಲಕ್ಷ ಪಟ್ಟಿಗೂ ಹೆಚ್ಚು.

ಆದರೆ ಬಡಿತ ಎಷ್ಟು ಎಂದರೆ ಕೆಲಸ ಎಷ್ಟು ಎಂದಾಗುವುದಿಲ್ಲ. ಒಂದೊಂದು ಬಡಿತಕ್ಕೆ ಎಷ್ಟು ಕೆಲಸ ಮುಗಿಯುತ್ತದೆ ಎಂಬುದೂ ಬೇಕು. ಎರಡನ್ನೂ ಗುಣಿಸಿದರೆ ಮಾತ್ರ ವೇಗ ಸಿಗುತ್ತದೆ. ಕೊಳವೆಬಾವಿಗೆ ಮೋಟಾರು ಇಳಿಸುವಾಗ ನಾವು ಎಷ್ಟು ಎಚ್‌ಪಿ ಎಂದು ಕೇಳಿ ಸುಮ್ಮನಾಗುವುದಿಲ್ಲ. ಎಷ್ಟು ಇಂಚು ನೀರು ಬರುತ್ತದೆ, ಎಷ್ಟು ಕರೆಂಟು ಎಳೆಯುತ್ತದೆ ಎಂದೂ ಕೇಳುತ್ತೇವೆ. ಕಂಪ್ಯೂಟರ್ ವಿಷಯದಲ್ಲಿ ಮಾತ್ರ ಎಚ್‌ಪಿ ಕೇಳಿ ದುಡ್ಡು ಕೊಟ್ಟುಬಿಟ್ಟೆವು.

ಓಟದ ಕುದುರೆ ಹುಟ್ಟಿದ್ದು

ಈ ಓಟ ಶುರುವಾದದ್ದು ಅಮೆರಿಕದ ಎರಡು ಕಂಪನಿಗಳ ಪೈಪೋಟಿಯಲ್ಲಿ. 2000ನೇ ಇಸವಿ ಮಾರ್ಚ್ 6ರಂದು ಎಎಂಡಿ ಕಂಪನಿ 1 ಗಿಗಾಹರ್ಟ್ಸ್‌ನ ಅಥ್ಲಾನ್ ಪ್ರೊಸೆಸರ್ ಪ್ರಕಟಿಸಿತು. ಎರಡೇ ದಿನದಲ್ಲಿ ಇಂಟೆಲ್ ತನ್ನ 1 ಗಿಗಾಹರ್ಟ್ಸ್‌ನ ಪೆಂಟಿಯಂ 3 ತಂದಿತು. ಅದೇ ವರ್ಷ ನವೆಂಬರ್ 20ರಂದು ಇಂಟೆಲ್ ಪೆಂಟಿಯಂ 4 ಬಿಡುಗಡೆ ಮಾಡಿತು. ಮೊದಲ ಹೆಜ್ಜೆಗೇ 1.4 ಮತ್ತು 1.5 ಗಿಗಾಹರ್ಟ್ಸ್.

ವಿಚಿತ್ರವೆಂದರೆ, ಕೆಲವು ಕೆಲಸಗಳಲ್ಲಿ 1.5ರ ಈ ಹೊಸ ಚಿಪ್ 1ರ ಹಳೆ ಪೆಂಟಿಯಂ 3ಕ್ಕಿಂತ ಹಿಂದೆ ಬಿತ್ತು. ಪರೀಕ್ಷೆ ಮಾಡಿದವರು ಆಗಲೇ ಅದನ್ನು ಬರೆದರು. ಆದರೆ ಕೊಳ್ಳುವ ಜನಕ್ಕೆ ತಲುಪಿದ್ದು ದೊಡ್ಡ ಸಂಖ್ಯೆ ಮಾತ್ರ.

ಹೀಗೇಕಾಯಿತು ಎಂಬುದಕ್ಕೆ ಕೆರೆ ಹೂಳೆತ್ತುವ ಕೆಲಸವನ್ನು ನೆನಪಿಸಿಕೊಳ್ಳಿ. ಕೆರೆಯ ಅಂಗಳದಿಂದ ಏರಿಯವರೆಗೆ ಜನ ಸಾಲಾಗಿ ನಿಂತು ಮಣ್ಣಿನ ಮಂಕರಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಹತ್ತು ಜನ ನಿಂತರೆ ಒಬ್ಬೊಬ್ಬರೂ ನಾಲ್ಕು ಹೆಜ್ಜೆ ನಡೆದು ಕೊಡಬೇಕು. ಇಪ್ಪತ್ತು ಜನ ನಿಂತರೆ ಎರಡೇ ಹೆಜ್ಜೆ ಸಾಕು. ಒಬ್ಬೊಬ್ಬರ ಕೆಲಸ ಚಿಕ್ಕದಾದ್ದರಿಂದ ತಾಳವನ್ನು ಜೋರು ಮಾಡಬಹುದು. ಪ್ರೊಸೆಸರ್‌ನೊಳಗೂ ಆಜ್ಞೆಗಳು ಹೀಗೆಯೇ ಸಾಲಿನಲ್ಲಿ ದಾಟುತ್ತವೆ. ಪೆಂಟಿಯಂ 3ರಲ್ಲಿ ಈ ಸಾಲಿಗೆ 10 ಹಂತ. ಪೆಂಟಿಯಂ 4ರಲ್ಲಿ 20 ಹಂತ. ಬಡಿತ ಏರಿದ್ದರ ಗುಟ್ಟು ಅಲ್ಲಿದೆ.

ಉದ್ದ ಸಾಲಿಗೆ ಒಂದು ದೋಷವಿದೆ. ಏರಿಯ ಮೇಲಿದ್ದವರು, "ಈ ಮಣ್ಣಲ್ಲ, ಆ ಕಡೆಯ ಮಣ್ಣು ಬೇಕು" ಎಂದು ಕೂಗಿದರೆ ಏನಾಗುತ್ತದೆ? ಸಾಲಿನಲ್ಲಿರುವ ಮಂಕರಿಗಳನ್ನೆಲ್ಲ ಅಲ್ಲೇ ಸುರಿದು, ಕೆಳಗಿನಿಂದ ಹೊಸದಾಗಿ ಶುರು ಮಾಡಬೇಕು. ಸಾಲು ಉದ್ದವಾದಷ್ಟೂ ದಂಡವಾದ ಮಂಕರಿ ಹೆಚ್ಚು. ಕಂಪ್ಯೂಟರಿನಲ್ಲಿ 'ಹೀಗಿದ್ದರೆ ಈ ದಾರಿ, ಇಲ್ಲವಾದರೆ ಆ ದಾರಿ' ಎಂಬ ತಿರುವುಗಳು ಮತ್ತೆ ಮತ್ತೆ ಬರುತ್ತವೆ. ಪ್ರೊಸೆಸರ್ ಯಾವ ದಾರಿ ಎಂದು ಮೊದಲೇ ಊಹೆ ಮಾಡಿ ಕೆಲಸ ಹಚ್ಚಿರುತ್ತದೆ. ಊಹೆ ತಪ್ಪಿದಾಗಲೆಲ್ಲ ಸಾಲು ಖಾಲಿ ಮಾಡಿ ಮೊದಲಿನಿಂದ ಬರಬೇಕು. ಮಾಡಿದ ಕೆಲಸವೂ ಹೋಯಿತು, ಅದಕ್ಕೆ ಉರಿಸಿದ ಕರೆಂಟೂ ಹೋಯಿತು.

ಕುಣಿಗಲ್‌ನ ಕುದುರೆ ಫಾರಂ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಟಿಪ್ಪು ಕಾಲದಿಂದ ಕುದುರೆಗೆ ಹೆಸರಾದ ಜಾಗ ಅದು, ಆಮೇಲೆ ಓಟದ ಕುದುರೆಗಳನ್ನು ಬೆಳೆಸಿದ ಜಾಗ. ಓಟದ ಕುದುರೆಯ ವೇಗಕ್ಕೆ ಸಾಟಿಯಿಲ್ಲ. ಆದರೆ ಅದನ್ನು ತಂದು ರಾಗಿ ಹೊಲದಲ್ಲಿ ನೇಗಿಲಿಗೆ ಕಟ್ಟುತ್ತೇವೆಯೇ? ಪೆಂಟಿಯಂ 4 ಸಂಖ್ಯೆಯ ಓಟಕ್ಕೆಂದು ಬೆಳೆಸಿದ ಕುದುರೆ. ನೇರ ದಾರಿಯಲ್ಲಿ, ವಿಡಿಯೋ ಕೆಲಸದಂಥದ್ದರಲ್ಲಿ ಚೆನ್ನಾಗಿಯೇ ಓಡಿತು. ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. 2002ರ ಜನವರಿಯಲ್ಲಿ ಬಂದ ಅದರ ಸುಧಾರಿತ ರೂಪವಂತೂ ನಿಜಕ್ಕೂ ಒಳ್ಳೆಯ ಚಿಪ್ ಆಗಿತ್ತು. ತೊಂದರೆ ಶುರುವಾದದ್ದು ಅದರ ಮುಂದಿನ ಪೀಳಿಗೆಯಲ್ಲಿ.

ನಾಲೆ ಸೋರಿದ ವರ್ಷ

ಚಿಪ್ಪಿನ ಒಳಗಿನ ಸಣ್ಣ ಸ್ವಿಚ್ಚುಗಳನ್ನು ಟ್ರಾನ್ಸಿಸ್ಟರ್ ಎನ್ನುತ್ತಾರೆ. ಇವುಗಳನ್ನು ಚಿಕ್ಕದು ಮಾಡಿದಷ್ಟೂ ವೇಗ ಹೆಚ್ಚುತ್ತದೆ, ವಿದ್ಯುತ್ ಉಳಿಯುತ್ತದೆ ಎಂಬುದು ಹಲವು ದಶಕಗಳ ಅನುಭವ. ಮೊದಲ ಪೆಂಟಿಯಂ 4 ಮಾಡಿದ್ದು 180 ನ್ಯಾನೊಮೀಟರ್ ತಂತ್ರದಲ್ಲಿ, ಅದರಲ್ಲಿ 4.2 ಕೋಟಿ ಟ್ರಾನ್ಸಿಸ್ಟರ್. 2002ರದ್ದು 130 ನ್ಯಾನೊಮೀಟರ್, 5.5 ಕೋಟಿ. 2004ರ ಫೆಬ್ರವರಿಯಲ್ಲಿ ಬಂದ 'ಪ್ರೆಸ್ಕಾಟ್' 90 ನ್ಯಾನೊಮೀಟರ್, 12.5 ಕೋಟಿ. ಅದರಲ್ಲಿ ಮಂಕರಿಯ ಸಾಲನ್ನು 31 ಹಂತಕ್ಕೆ ಎಳೆದರು. 10 ಗಿಗಾಹರ್ಟ್ಸ್ ಮುಟ್ಟುವ ಕನಸನ್ನೂ ಇಂಟೆಲ್ ಹೇಳಿಕೊಂಡಿತ್ತು.

ಆದರೆ ಈ ಸಲ ಸ್ವಿಚ್ಚು ಚಿಕ್ಕದಾದರೂ ಕರೆಂಟು ಉಳಿಯಲಿಲ್ಲ, ಸೋರಿತು. ಹೇಮಾವತಿ ನಾಲೆ ನೋಡಿರುವ ನಮಗೆ ಸೋರಿಕೆ ಎಂದರೆ ಏನೆಂದು ಯಾರೂ ಹೇಳಿಕೊಡಬೇಕಿಲ್ಲ. ತೂಬು ಮುಚ್ಚಿದ್ದರೂ ಬದಿಯಿಂದ ನೀರು ಜಿನುಗುತ್ತಲೇ ಇರುತ್ತದೆ. 90 ನ್ಯಾನೊಮೀಟರ್ ಹೊತ್ತಿಗೆ ಸ್ವಿಚ್ಚಿನ ಗೋಡೆಗಳು ಎಷ್ಟು ತೆಳುವಾದವೆಂದರೆ, ಆರಿಸಿದ ಸ್ವಿಚ್ಚಿನಿಂದಲೂ ಕರೆಂಟು ಜಿನುಗತೊಡಗಿತು. ಸೋರಿದ್ದೆಲ್ಲ ಶಾಖವಾಗುತ್ತದೆ. ಚಿಪ್ ಬಿಸಿಯಾದರೆ ಸೋರಿಕೆ ಮತ್ತೂ ಹೆಚ್ಚುತ್ತದೆ.

ಇನ್ನೊಂದು ಲೆಕ್ಕವೂ ಇದೆ. ಬಡಿತ ಏರಿಸಿದರೆ ವಿದ್ಯುತ್ ಬಳಕೆ ಅದೇ ಪ್ರಮಾಣದಲ್ಲಿ ಏರುತ್ತದೆ. ಆದರೆ ಬಡಿತ ಏರಿಸಲು ವೋಲ್ಟೇಜನ್ನೂ ಏರಿಸಬೇಕಾಗುತ್ತದೆ. ವೋಲ್ಟೇಜ್ ಏರಿದರೆ ಬಳಕೆ ಅದರ ವರ್ಗದಷ್ಟು ಏರುತ್ತದೆ. ವೋಲ್ಟೇಜ್ ಶೇಕಡ 10 ಹೆಚ್ಚಿಸಿದರೆ ಬಳಕೆ ಶೇಕಡ 21 ಹೆಚ್ಚು. ಕೊನೆಯ ಒಂದಿಷ್ಟು ವೇಗಕ್ಕೆ ತೆರುವ ಬೆಲೆ ಯಾವಾಗಲೂ ದುಬಾರಿ.

2004 ಇಂಟೆಲ್‌ಗೆ ಕೆಟ್ಟ ವರ್ಷವಾಯಿತು. ಪೆಂಟಿಯಂ 4ರ ಮುಂದಿನ ಪೀಳಿಗೆಗೆ ಇಟ್ಟಿದ್ದ ಹೆಸರು 'ತೇಜಸ್'. ನಮ್ಮ ಕಿವಿಗೆ ಪರಿಚಿತವಾದ ಹೆಸರು. ಮೇ ತಿಂಗಳಲ್ಲಿ ಅದನ್ನು ಕೈಬಿಟ್ಟರು. ಅಕ್ಟೋಬರ್‌ನಲ್ಲಿ 4 ಗಿಗಾಹರ್ಟ್ಸ್‌ನ ಪೆಂಟಿಯಂ 4 ಕೂಡ ರದ್ದಾಯಿತು. ಆಗ ಕಂಪನಿಯ ಮುಖ್ಯಸ್ಥರಾಗಿದ್ದ ಕ್ರೇಗ್ ಬ್ಯಾರೆಟ್ ಒಂದು ಸಮ್ಮೇಳನದ ವೇದಿಕೆಯಲ್ಲಿ ಮೊಣಕಾಲೂರಿ, ಅರ್ಧ ತಮಾಷೆ ಅರ್ಧ ನಿಜವಾಗಿ, ಕ್ಷಮೆ ಕೇಳಿದರು. ಪೆಂಟಿಯಂ 4ರ ಓಟ 3.8 ಗಿಗಾಹರ್ಟ್ಸ್‌ಗೆ ನಿಂತಿತು. ಅದರ ಶಾಖದ ಮಿತಿ 115 ವಾಟ್.

ಈ ಹೊತ್ತಿಗೆ ಎಎಂಡಿ ಬೇರೆ ದಾರಿ ಹಿಡಿದಿತ್ತು. 2003ರ ಸೆಪ್ಟೆಂಬರ್‌ನಲ್ಲಿ ಬಂದ ಅದರ ಅಥ್ಲಾನ್ 64 ಬರೀ 2 ಗಿಗಾಹರ್ಟ್ಸ್‌ನಲ್ಲೇ 3 ಗಿಗಾಹರ್ಟ್ಸ್ ದಾಟಿದ ಪೆಂಟಿಯಂ 4ಕ್ಕೆ ಎದುರು ನಿಂತಿತು. ಆದರೆ ಮಾರುಕಟ್ಟೆಗೆ ದೊಡ್ಡ ಸಂಖ್ಯೆಯೇ ಬೇಕಲ್ಲ? ಅದಕ್ಕೆ ಆ 2 ಗಿಗಾಹರ್ಟ್ಸ್ ಚಿಪ್ಪಿಗೆ '3200+' ಎಂದು ಹೆಸರಿಟ್ಟು ಮಾರಿದರು. ಜನರ ನಂಬಿಕೆ ಎಷ್ಟು ಗಟ್ಟಿಯಾಗಿತ್ತೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ತಗ್ಗಿ ಗೆದ್ದ ಚಿಪ್

ಇಂಟೆಲ್‌ಗೆ ಪರಿಹಾರ ಅದರ ಮನೆಯ ಇನ್ನೊಂದು ಮೂಲೆಯಲ್ಲೇ ಇತ್ತು. ಇಸ್ರೇಲಿನ ಹೈಫಾದಲ್ಲಿದ್ದ ಅದರ ತಂಡ ಲ್ಯಾಪ್‌ಟಾಪಿಗೆಂದು ಪೆಂಟಿಯಂ ಎಂ ಎಂಬ ಚಿಪ್ ಮಾಡಿತ್ತು. ಅದು ಬಂದದ್ದು 2003ರಲ್ಲಿ. ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ಓಡಬೇಕು, ಹಾಗಾಗಿ ಆ ತಂಡಕ್ಕೆ ಪ್ರತಿ ವಾಟಿಗೂ ಲೆಕ್ಕ ಕೊಡಬೇಕಿತ್ತು. ಬಡತನದ ಮನೆಯಲ್ಲಿ ಬೆಳೆದ ಮಗು ದುಡ್ಡಿನ ಬೆಲೆ ಕಲಿತಂತೆ, ಆ ಚಿಪ್ ಕಡಿಮೆ ಬಡಿತದಲ್ಲಿ ಹೆಚ್ಚು ಕೆಲಸ ಮಾಡುವುದನ್ನು ಕಲಿಯಿತು.

ಅದೇ ಬೇರಿನಿಂದ ಬೆಳೆದದ್ದು ಕೋರ್ 2 ಡುಯೋ. ಬಿಡುಗಡೆಯಾದದ್ದು 2006ರ ಜುಲೈ 27ರಂದು. ಮಂಕರಿಯ ಸಾಲನ್ನು 31ರಿಂದ 14 ಹಂತಕ್ಕೆ ಇಳಿಸಿದರು. ಆದರೆ ಒಂದು ಸಲಕ್ಕೆ 3 ಮಂಕರಿಯ ಬದಲು 4 ದಾಟಿಸುವಷ್ಟು ಸಾಲನ್ನು ಅಗಲ ಮಾಡಿದರು. ಊಹೆ ಮಾಡುವ ಬುದ್ಧಿಯನ್ನೂ ಚುರುಕು ಮಾಡಿದರು. ಮೇಲಾಗಿ ಒಂದೇ ಚಿಪ್ಪಿನಲ್ಲಿ ಇಂಥ ಎರಡು ಸಾಲು. 'ಡುಯೋ' ಎಂದರೆ ಜೋಡಿ. ಓಟದ ಕುದುರೆ ಬಿಟ್ಟು ಜೋಡೆತ್ತು ಕಟ್ಟಿದಂತೆ.

ಎರಡನ್ನೂ ಅಕ್ಕಪಕ್ಕ ಇಟ್ಟು ನೋಡೋಣ.

ಪೆಂಟಿಯಂ 4, ಮಾದರಿ 570: 2004. ಬಡಿತ 3.8 ಗಿಗಾಹರ್ಟ್ಸ್. ಕೋರ್ ಒಂದು. 90 ನ್ಯಾನೊಮೀಟರ್. ಶಾಖದ ಮಿತಿ 115 ವಾಟ್.

ಕೋರ್ 2 ಡುಯೋ, ಮಾದರಿ ಇ6600: 2006. ಬಡಿತ 2.4 ಗಿಗಾಹರ್ಟ್ಸ್. ಕೋರ್ ಎರಡು. 65 ನ್ಯಾನೊಮೀಟರ್. ಶಾಖದ ಮಿತಿ 65 ವಾಟ್.

ಸಂಖ್ಯೆ ನೋಡಿದರೆ ಎರಡನೆಯದು ಬಡವ. ಕೆಲಸ ಕೊಟ್ಟರೆ ಅದೇ ಮುಂದೆ. ನಡುವೆ ಇಂಟೆಲ್ ಎರಡು ಪೆಂಟಿಯಂ 4 ತಿರುಳುಗಳನ್ನು ಜೋಡಿಸಿ ಪೆಂಟಿಯಂ ಡಿ ಎಂಬುದನ್ನೂ ಮಾರಿತ್ತು. ಅದರ ಕೆಲವು ಮಾದರಿಗಳ ಮಿತಿ 130 ವಾಟ್. ಆ ಸಾಲಿನ ಒಳ್ಳೆಯ ಚಿಪ್ಪುಗಳಿಗಿಂತ ಹೊಸದು ಶೇಕಡ 40ರಷ್ಟು ಹೆಚ್ಚು ಕೆಲಸ ಮಾಡುತ್ತದೆ, ಶೇಕಡ 40ರಷ್ಟು ಕಡಿಮೆ ವಿದ್ಯುತ್ ಬಳಸುತ್ತದೆ ಎಂದು 2006ರಲ್ಲಿ ಕಂಪನಿಯೇ ಹೇಳಿತು. ಕಂಪನಿ ಮಾತನ್ನು ಹಾಗೇ ನುಂಗಬಾರದು, ಆದರೆ ಆಗ ಹೊರಗಿನವರು ಮಾಡಿದ ಪರೀಕ್ಷೆಗಳೂ ಇದೇ ದಿಕ್ಕನ್ನು ತೋರಿಸಿದವು. ಆ ಮಾತನ್ನು ಲೆಕ್ಕಕ್ಕೆ ಇಳಿಸಿ: ಕೆಲಸ 100 ಇದ್ದದ್ದು 140 ಆಯಿತು, ಕರೆಂಟು 100 ಇದ್ದದ್ದು 60 ಆಯಿತು. ಒಂದೊಂದು ಯೂನಿಟ್ಟಿಗೆ ಆಗುವ ಕೆಲಸ 2.3 ಪಟ್ಟು. ದಕ್ಷತೆ ಎಂದರೆ ಇದೇ.

ಈ ಕಥೆಯಲ್ಲಿ ಬೆಂಗಳೂರಿಗೂ ಪಾಲಿದೆ. ತುಮಕೂರಿನಿಂದ 70 ಕಿಲೋಮೀಟರ್ ದೂರದ ಅಲ್ಲಿನ ಇಂಟೆಲ್ ತಂಡ ದೊಡ್ಡ ಸರ್ವರ್‌ಗಳಿಗಾಗಿ ಒಂದು ಚಿಪ್ ವಿನ್ಯಾಸ ಮಾಡುತ್ತಿತ್ತು. ಹೆಸರು 'ವೈಟ್‌ಫೀಲ್ಡ್', ನಮ್ಮ ಬೆಂಗಳೂರಿನ ಬಡಾವಣೆಯದೇ. 2005ರಲ್ಲಿ ಆ ಯೋಜನೆ ರದ್ದಾಯಿತು. ತಂಡ ಕೈಚೆಲ್ಲಲಿಲ್ಲ. 2008ರ ಸೆಪ್ಟೆಂಬರ್‌ನಲ್ಲಿ ಬಂದ ಆರು ಕೋರ್‌ಗಳ ಝಿಯಾನ್ 7400 ಚಿಪ್ ಬೆಂಗಳೂರಿನಲ್ಲೇ ವಿನ್ಯಾಸಗೊಂಡದ್ದು. ಅದು ಕೋರ್ 2 ವಂಶದ್ದೇ ಕೂಸು. ಅದರಲ್ಲಿ 190 ಕೋಟಿ ಟ್ರಾನ್ಸಿಸ್ಟರ್ ಇದ್ದವು.

ನಮ್ಮ ಊರಿನ ಲೆಕ್ಕ

50 ವಾಟ್ ವ್ಯತ್ಯಾಸ ಅಮೆರಿಕದವರಿಗೆ ಚಿಕ್ಕದಿರಬಹುದು. ಊರಿನಲ್ಲಿ ಕೂತು ನೋಡಿದರೆ ಬೇರೆಯೇ ಕಾಣುತ್ತದೆ.

ಮೊದಲು ಯುಪಿಎಸ್ ಲೆಕ್ಕ. ಮನೆಯಲ್ಲಿ ಇಡುವ ಸಣ್ಣ ಯುಪಿಎಸ್‌ನಲ್ಲಿ ಸಾಮಾನ್ಯವಾಗಿ 12 ವೋಲ್ಟ್, 7 ಆಂಪಿಯರ್ ಅವರ್ ಬ್ಯಾಟರಿ ಇರುತ್ತದೆ. ಗುಣಿಸಿದರೆ 84 ವಾಟ್ ಅವರ್. ಹಳೆ ದಪ್ಪ ಮಾನಿಟರ್ ಮತ್ತು ಉಳಿದ ಭಾಗಗಳಿಗೆ 100 ವಾಟ್ ಎಂದು ಇಟ್ಟುಕೊಳ್ಳೋಣ. ಪೂರ್ತಿ ಕೆಲಸದಲ್ಲಿರುವ ಆ ಪೆಂಟಿಯಂ 4 ಜೊತೆ ಸೇರಿ 215 ವಾಟ್. ಕಾಗದದ ಮೇಲೆ 23 ನಿಮಿಷ. ಕೋರ್ 2 ಡುಯೋ ಜೊತೆ 165 ವಾಟ್, 30 ನಿಮಿಷ. ಇಷ್ಟು ಜೋರಾಗಿ ಎಳೆದಾಗ ಬ್ಯಾಟರಿ ಪೂರ್ತಿ ಕೊಡುವುದಿಲ್ಲ, ಹಳೆಯದಾದರೆ ಇನ್ನೂ ಕಡಿಮೆ. ನಿಜದಲ್ಲಿ ಅರ್ಧ ಸಿಕ್ಕರೆ ಪುಣ್ಯ. ಆದರೆ ಆ ಮೂರು ನಾಲ್ಕು ನಿಮಿಷದ ವ್ಯತ್ಯಾಸದಲ್ಲೇ ಒಂದು ಫೈಲ್ ಉಳಿಯುತ್ತದೆ ಅಥವಾ ಹೋಗುತ್ತದೆ.

ಆಮೇಲೆ ಬಿಲ್ಲಿನ ಲೆಕ್ಕ. 50 ವಾಟ್, ದಿನಕ್ಕೆ 8 ಗಂಟೆ, ತಿಂಗಳಿಗೆ 25 ದಿನ. 10,000 ವಾಟ್ ಅವರ್, ಅಂದರೆ 10 ಯೂನಿಟ್. ಒಂದು ಡಿಟಿಪಿ ಅಂಗಡಿಗೆ 10 ಯೂನಿಟ್. 20 ಕಂಪ್ಯೂಟರ್ ಇರುವ ಕಾಲೇಜಿನ ಲ್ಯಾಬಿಗೆ 200 ಯೂನಿಟ್. ಇದು ಪ್ರೊಸೆಸರ್ ಪೂರ್ತಿ ದುಡಿದಾಗಿನ ಲೆಕ್ಕ, ಸುಮ್ಮನಿದ್ದಾಗ ಕಡಿಮೆ ಎಂಬುದನ್ನು ಮರೆಯಬಾರದು. ಗೃಹಜ್ಯೋತಿ ಇದೆಯಲ್ಲ ಎನ್ನಬಹುದು. ಅದು ಮನೆಗಳಿಗೆ ಮಾತ್ರ, ಅಂಗಡಿಗೆ ಇಲ್ಲ. ಮನೆಗೂ ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿದಷ್ಟು ಮಾತ್ರ, ಹೆಚ್ಚೆಂದರೆ 200 ಯೂನಿಟ್. ಅದನ್ನು ದಾಟಿಸುವುದು ಇಂಥ ಚಿಕ್ಕ ಚಿಕ್ಕ ವಾಟ್‌ಗಳೇ.

ಮೂರನೆಯದು ಲೆಕ್ಕಕ್ಕೆ ಸಿಗದ್ದು. ಶೀಟಿನ ಮನೆ, ಏಪ್ರಿಲ್ ತಿಂಗಳು, ಧೂಳು ತುಂಬಿದ ಫ್ಯಾನು. ಚಿಪ್ಪಿಗೆ ತಂಪು ಸಾಲದಿದ್ದರೆ ಅದು ತನ್ನನ್ನು ಉಳಿಸಿಕೊಳ್ಳಲು ಮೊದಲು ನಿಧಾನವಾಗುತ್ತದೆ, ಆಮೇಲೆ ಆರಿಹೋಗುತ್ತದೆ. ನಮ್ಮ ಗೆಳತಿ ದುಡ್ಡು ಕೊಟ್ಟದ್ದು 3 ಗಿಗಾಹರ್ಟ್ಸ್‌ಗೆ. ಮಧ್ಯಾಹ್ನದ ಹೊತ್ತು ಅವಳಿಗೆ ಅಷ್ಟೂ ಸಿಗುತ್ತಿರಲಿಲ್ಲ.

ಅದೇ ತಪ್ಪು, ಹೊಸ ಹೆಸರು

ಈಗ ಯಾರೂ ಗಿಗಾಹರ್ಟ್ಸ್ ಕೇಳುವುದಿಲ್ಲ. "ಐ7 ಇದೆಯಾ?" ಎನ್ನುತ್ತಾರೆ. ದೊಡ್ಡ ಸಂಖ್ಯೆಯ ಜಾಗಕ್ಕೆ ದೊಡ್ಡ ಹೆಸರು ಬಂದಿದೆ, ಅಷ್ಟೇ. 2011ರ ಐ7-2600 ನಾಲ್ಕು ಕೋರ್, 95 ವಾಟ್. 2022ರ ಐ3-12100 ಕೂಡ ನಾಲ್ಕು ಕೋರ್. ಅದರ ಮೂಲ ಮಿತಿ 60 ವಾಟ್, ಜೋರು ಮಾಡಿದಾಗ 89 ವಾಟ್. ಹೆಸರಿನಲ್ಲಿ ಏಳು ದೊಡ್ಡದು, ಕೆಲಸದಲ್ಲಿ ಈ ಮೂರು ಬಹಳ ಮುಂದೆ. ಗೆಳತಿಯ ಅಪ್ಪ ಸಂಖ್ಯೆ ದೊಡ್ಡದೆಂದು ಮೋಸಹೋದರೆ, ಇವತ್ತಿನ ಅಪ್ಪಂದಿರು ಹೆಸರು ದೊಡ್ಡದೆಂದು ಹೋಗುತ್ತಿದ್ದಾರೆ.

ಕಂಪನಿಗಳೂ ಪಾಠ ಮರೆಯುತ್ತವೆ. 2023ರ ಜನವರಿಯಲ್ಲಿ ಇಂಟೆಲ್ 6 ಗಿಗಾಹರ್ಟ್ಸ್ ಮುಟ್ಟುವ ಐ9 ಚಿಪ್ ತಂದಿತು. ಜೋರು ಓಡಿಸಿದಾಗ ಅದು 253 ವಾಟ್‌ವರೆಗೂ ಎಳೆಯುತ್ತದೆ. ಆ ಪೀಳಿಗೆಯ ಮತ್ತು ಅದರ ಮುಂದಿನ ಪೀಳಿಗೆಯ ಕೆಲವು ಚಿಪ್ಪುಗಳು ಆಗಾಗ ಕೈಕೊಡುತ್ತಿವೆ ಎಂಬ ದೂರು ಬಂತು. ಹೆಚ್ಚಿನ ವೋಲ್ಟೇಜ್ ಕಾರಣವೆಂದು 2024ರಲ್ಲಿ ಕಂಪನಿ ಒಪ್ಪಿಕೊಂಡು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು.

ಹಳೆ ಕಂಪ್ಯೂಟರ್ ಕೊಳ್ಳಲು ಹೊರಟವರಿಗೆ ನಾವು ಹೇಳುವುದು ಇಷ್ಟು. ಐ3, ಐ5, ಐ7 ಎಂಬುದನ್ನಲ್ಲ, ಅದರ ಮುಂದಿನ ಅಂಕಿಗಳನ್ನು ಓದಿ. ನಾಲ್ಕು ಅಂಕಿ ಇದ್ದರೆ ಸಾಮಾನ್ಯವಾಗಿ ಮೊದಲನೆಯದು ಪೀಳಿಗೆ: ಐ5-2400 ಎರಡನೆಯ ಪೀಳಿಗೆ, ಐ5-8400 ಎಂಟನೆಯದು. ಐದು ಅಂಕಿ ಇದ್ದರೆ ಮೊದಲ ಎರಡು: 12100 ಎಂದರೆ ಹನ್ನೆರಡನೆಯ ಪೀಳಿಗೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ನಿಯಮದ ಪ್ರಕಾರ ನಡೆಯಬೇಕಾದರೆ ಇಂಟೆಲ್‌ನದಾದರೆ ಎಂಟನೆಯ ಪೀಳಿಗೆಯೋ ಅದರ ಮೇಲಿನದೋ ಬೇಕು. ಅದಕ್ಕೂ ಹಿಂದಿನದಾದರೆ ಲಿನಕ್ಸ್ ಹಾಕಿಕೊಂಡು ಟೈಪಿಂಗ್, ಇಂಟರ್‌ನೆಟ್ ಕೆಲಸಕ್ಕೆ ಬಳಸಬಹುದು, ಬೆಲೆ ಮಾತ್ರ ಅದಕ್ಕೆ ತಕ್ಕಂತೆ ಇರಲಿ. ಆಮೇಲೆ ಎಷ್ಟು ವಾಟ್ ಎಂದು ಕೇಳಿ. ಅಂಗಡಿಯಲ್ಲೇ ಅರ್ಧ ಗಂಟೆ ಓಡಿಸಿ, ಡಬ್ಬದ ಹಿಂದೆ ಕೈಯಿಟ್ಟು ಬರುವ ಗಾಳಿ ಎಷ್ಟು ಬಿಸಿ ಇದೆ ನೋಡಿ.

ನೀವು ಇದನ್ನು ಓದುತ್ತಿರುವ ಫೋನನ್ನೇ ನೋಡಿ. ಅದರೊಳಗಿನ ಚಿಪ್ ಕೆಲವೇ ವಾಟ್‌ಗಳಲ್ಲಿ ಆ ಪೆಂಟಿಯಂ 4ಕ್ಕಿಂತ ಎಷ್ಟೋ ಹೆಚ್ಚು ಕೆಲಸ ಮಾಡುತ್ತಿದೆ, ಫ್ಯಾನು ಕೂಡ ಇಲ್ಲದೆ. 2004ರಲ್ಲಿ ಸಂಖ್ಯೆಯ ಓಟ ಮುಗ್ಗರಿಸಿದ ಮೇಲೆ ಇಡೀ ಉದ್ಯಮ ಕಲಿತ ಪಾಠ ನಿಮ್ಮ ಅಂಗೈಯಲ್ಲಿದೆ.

ಅಂಗಡಿಯ ಆ ಹುಡುಗ ಸುಳ್ಳು ಹೇಳಲಿಲ್ಲ. ಡಬ್ಬದ ಮೇಲೆ ಬರೆದದ್ದನ್ನೇ ಓದಿ ಹೇಳಿದ. ಮೂರು ನಿಜಕ್ಕೂ 1.8ಕ್ಕಿಂತ ದೊಡ್ಡದೇ. ಅಳೆದದ್ದು ಸರಿ, ಅಳತೆಗೋಲು ತಪ್ಪು. ಅವನಿಗೆ ಅದನ್ನು ಹೇಳಿಕೊಟ್ಟವರು ಯಾರೂ ಇರಲಿಲ್ಲ, ಗೆಳತಿಯ ಅಪ್ಪನಿಗೂ ಇರಲಿಲ್ಲ. ತೆಂಗಿನಕಾಯಿಯನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಒಳಗೆ ಎಷ್ಟು ನೀರಿದೆ ಎಂದು ಹೇಳಬಲ್ಲ ಮನುಷ್ಯ ಅವರು. ಯಾರಾದರೂ ಒಂದು ಮಾತು ಹೇಳಿದ್ದರೆ ಇದನ್ನೂ ಅಲ್ಲಾಡಿಸಿ ನೋಡುತ್ತಿದ್ದರು.

ಆ ಪೆಂಟಿಯಂ 4 ಡಬ್ಬ ಇನ್ನೂ ಅವರ ಅಟ್ಟದ ಮೇಲಿದೆ. ಗೆಳತಿ ಅದರಲ್ಲೇ ಕನ್ನಡ ಟೈಪಿಂಗ್ ಕಲಿತಳು, ಎರಡು ನಿಮಿಷಕ್ಕೊಮ್ಮೆ ಫೈಲ್ ಉಳಿಸುತ್ತ. ಆ ಅಭ್ಯಾಸ ಅವಳಿಗೆ ಈಗಲೂ ಹೋಗಿಲ್ಲ.